ಹಳೇ ಬಟ್ಟೆಗೆ ಹೊರಟ ಸಾಹೇಬರು

ಹಳ್ಳಿಯವರು ಏನು ಉಡುತ್ತಾರೆಂದು ಪಟ್ಟಣದವರು ನೋಡಲು ಹೋದಾಗಲೆಲ್ಲ ಹೀಗೇ ಆಗುತ್ತದೆ. ನೋಡಲು ಹೋದವರೇ ನೋಡುವಂಥ ವಸ್ತುವಾಗಿ ಮನೆಗೆ ಬರುತ್ತಾರೆ.

ನಾನು ಮೈಸೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಕಾಲ. ದಸರಾ ಪ್ರದರ್ಶನದಲ್ಲಿ ಹಳೆಯ ಉಡುಪಿನ ವಿಭಾಗ ಯಾರ ಪಾಲಿಗೆ ಎಂದು ನಮ್ಮ ಸಾಹೇಬರಿಗೂ ಇನ್ನೊಬ್ಬ ಸಾಹೇಬರಿಗೂ ಜಟಾಪಟಿ ಬಿದ್ದಿತ್ತು. ಅಪ್ಪಟ ಹಳೆಯ ಉಡುಪು ಒಂದಾದರೂ ತಂದರೆ ನಮ್ಮವರಿಗೆ, ಬರಿಗೈಲಿ ಬಂದರೆ ಅವರಿಗೆ. ಬಟ್ಟೆಯ ವಿಷಯದಲ್ಲಿ ನಮ್ಮ ಸಾಹೇಬರಿಗೆ ತಿಳಿದಿದ್ದದ್ದು ಮಡಿವಾಳ ಯಾವತ್ತು ಬರುತ್ತಾನೆ ಎಂಬುದಷ್ಟೇ. ಆದರೂ ಬಾಡಿಗೆ ಮೋಟಾರು ಮಾಡಿಕೊಂಡು, ನನ್ನನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟರು.

ಭೇರ್ಯದ ಕೋಟು

ಕೃಷ್ಣರಾಜನಗರದ ಕಡೆಯ ಭೇರ್ಯಕ್ಕೆ ಮೊದಲೇ ಹುಕುಂ ಹೋಗಿತ್ತು, ಸಾಹೇಬರು ಜನರ ಉಡುಪು ನೋಡಲು ಬರುತ್ತಾರೆ ಅಂತ. ಸಾಹೇಬರ ಮುಂದೆ ಬರೀ ಪಂಚೆಯಲ್ಲಿ ನಿಂತರೆ ಊರಿನ ಮರ್ಯಾದೆ ಏನಾಗಬೇಕು? ಚಾವಡಿಗೆ ಒಬ್ಬೊಬ್ಬರಾಗಿ ಬಂದವರೆಲ್ಲ ಕರಿ ಕೋಟು ತೊಟ್ಟೇ ಬಂದರು. ಊರಿಗೆಲ್ಲ ಇದ್ದದ್ದು ಪಟೇಲರ ಕೋಟು ಒಂದೇ. ಕೈಮುಗಿದು ಹೋದವನು ಹಿತ್ತಲಲ್ಲಿ ಬಿಚ್ಚಿ ಮುಂದಿನವನಿಗೆ ಕೊಡುತ್ತಿದ್ದ. ಬಡಕಲಿಗೆ ಅದು ಮೊಣಕಾಲು ಮುಟ್ಟುತ್ತಿತ್ತು, ದಢೂತಿಗೆ ತೋಳೇ ಏರುತ್ತಿರಲಿಲ್ಲ.

ಸಾಹೇಬರು ಬಹಳ ಹೊತ್ತು ಪರೀಕ್ಷಿಸಿ ನನ್ನ ಕಿವಿಯಲ್ಲಿ ಹೇಳಿದರು: “ಗಮನಿಸಿದಿರೇನ್ರೀ? ಇಲ್ಲಿ ಯಾರ ಕೋಟಿಗೂ ಮೂರನೇ ಗುಂಡಿ ಇಲ್ಲ. ಕುಲಾಚಾರ ಇರಬೇಕು.”

ಪಿರಿಯಾಪಟ್ಟಣದ ಗೋಣಿ

ಇದೇ ಸುದ್ದಿ ಬಾಯಿಂದ ಬಾಯಿಗೆ ದಾಟಿ ಪಿರಿಯಾಪಟ್ಟಣ ತಲುಪುವಷ್ಟರಲ್ಲಿ ಸರ್ಕಾರ ಬಡವರಿಗೆ ಬಟ್ಟೆ ಹಂಚುತ್ತದೆ ಎಂದಾಗಿತ್ತು. ನಾವು ಇಳಿದಾಗ ಜನ ಚಿಂದಿ ಸುತ್ತಿಕೊಂಡು ಸಾಲಾಗಿ ನಿಂತಿದ್ದರು. ಎತ್ತಿನ ಗಾಡಿ ಕಟ್ಟಿಕೊಂಡು ಬಂದವರ ಮೈಮೇಲೂ ತುಂಡು ಲಂಗೋಟಿ. ಸಾಹೇಬರಿಗೆ ಪರಮಾನಂದ. ನಾಗರಿಕತೆ ಸೋಂಕದ ಜನ ಕೊನೆಗೂ ಸಿಕ್ಕರು ಅಂದರು. ಗೋಣಿಚೀಲಕ್ಕೆ ತೂತು ಮಾಡಿ ತೊಟ್ಟಿದ್ದ ಮುದುಕನ ಹತ್ತಿರ ಹೋಗಿ, ಇದನ್ನು ಯಾವಾಗಿನಿಂದ ಉಡುತ್ತಿದ್ದೀರಿ ಎಂದು ಭಕ್ತಿಯಿಂದ ಕೇಳಿದರು.

“ಈಗ್ಲೇ ಹಾಕ್ಕಂಡೆ ಬುದ್ಧಿ. ಬಿರ್‌ಬಿರ್ನೆ ಹಂಚ್ಬುಡಿ, ಮೈಯೆಲ್ಲ ಕಡೀತೈತೆ.”

ವೀರನಹೊಸಹಳ್ಳಿಯ ಅಂಗಿ

ಹುಣಸೂರು ದಾಟಿ ಕಾಡಂಚಿನ ವೀರನಹೊಸಹಳ್ಳಿಗೆ ಬಂದಾಗ ಸಾಹೇಬರು ಹಠಾತ್ತನೆ ಮೋಟಾರು ನಿಲ್ಲಿಸಿದರು. ಹೊಲದ ಬೆದರುಬೊಂಬೆಗೆ ಜರಿ ಅಂಚಿನ ಉದ್ದನೆಯ ಅಂಗಿ ತೊಡಿಸಿದ್ದರು. ಪಾಳೆಯಗಾರರ ಕಾಲದ್ದೇ ಸರಿ ಎಂದು ಸಾಹೇಬರು ಬೇಲಿ ಹಾರಿ, ಮುಳ್ಳು ಗೀರಿಸಿಕೊಂಡು, ಬೊಂಬೆಯನ್ನು ತಬ್ಬಿ ಹಿಡಿದರು. ಹೊಲದ ಒಡೆಯ ಓಡಿಬಂದ. ಅದು ಹಿಂದಿನ ಅಮಲ್ದಾರರು ಮುಸಾಫರ್ ಬಂಗಲೆಯಲ್ಲಿ ಮರೆತು ಹೋದ ಅಂಗಿಯಂತೆ, ಯಾವ ಕಾರಣಕ್ಕೂ ಕೊಡುವುದಿಲ್ಲವಂತೆ.

“ನಮ್ಮ ಅಂಗಿ ತೊಡಿಸಿದ್ರೆ ಹಂದಿ ಕ್ಯಾರೇ ಅನ್ತಿರ್ನಿಲ್ಲ ಬುದ್ಧಿ. ಅಮಲ್ದಾರ್ರು ಅಂದ್ಮೇಲೆ ಒಂದೂ ಈ ಕಡೆ ತಲೆ ಹಾಕಾಕಿಲ್ಲ.”

ಕೋಟೆಯ ಗದ್ದುಗೆ

ಇನ್ನು ಉಳಿದದ್ದು ಹೆಗ್ಗಡದೇವನಕೋಟೆ ಒಂದೇ. ಇಲ್ಲೂ ಏನೂ ಸಿಗದಿದ್ದರೆ ವಿಭಾಗ ಎದುರಾಳಿಗೆ ಹೋಯಿತೆಂದೇ ಲೆಕ್ಕ. ಸಾಹೇಬರ ಮುಖ ನೋಡಲಾಗುತ್ತಿರಲಿಲ್ಲ. ಕೋಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಜನ ಸೇರಿದ್ದರು, ನಡುವೆ ಒಂದು ಕರಿ ಕಂಬಳಿ ಮಡಿಸಿ ಹಾಸಿತ್ತು. ಕೈಯಲ್ಲಿ ನೂತ ಉಣ್ಣೆ, ಒಳ್ಳೆಯ ನೇಯ್ಗೆ. ಸಾಹೇಬರು ಯಾರನ್ನೂ ಕೇಳದೆ ಸವರಿ ನೋಡಿ, ಮೆತ್ತಗಿದೆಯೇ ಎಂದು ಅದರ ಮೇಲೆ ಕುಳಿತರು. ಜನರೆಲ್ಲ ಎದ್ದು ನಿಂತು ಕೈಮುಗಿದರು. ಸಾಹೇಬರು ಹಿಗ್ಗಿದರು.

ಊರ ಯಜಮಾನ ವಿನಯದಿಂದ ವಿಷಯ ತಿಳಿಸಿದ. “ನ್ಯಾಯದ ಗದ್ದುಗೆ ಮ್ಯಾಲೆ ಕುಂತ್ರಿ ಬುದ್ಧಿ. ಇನ್ನ ತೀರ್ಮಾನ ಯೋಳ್ದೆ ಏಳಂಗಿಲ್ಲ.”

ವ್ಯಾಜ್ಯ ಇಬ್ಬರು ವಾರಗಿತ್ತಿಯರದು. ಅತ್ತೆಯ ಧಾರೆ ಸೀರೆ ತನಗೆ ಬರಬೇಕೆಂದು ಹಿರಿಸೊಸೆ, ತನಗೆಂದು ಕಿರಿಸೊಸೆ. ಸೀರೆಯನ್ನು ಆಚೆಗೊಬ್ಬಳು ಈಚೆಗೊಬ್ಬಳು ಹಿಡಿದೇ ನಿಂತಿದ್ದರು. ಕೈಮಗ್ಗದ್ದು, ದಪ್ಪ ಕೆಂಪಂಚು, ನೋಡಿದರೆ ಕಣ್ಣು ತುಂಬುವಂಥದ್ದು. ನಾವು ತಾಲ್ಲೂಕು ತಾಲ್ಲೂಕು ಹುಡುಕಿದ ಮಾಲು ಅದೇ. ಸಾಹೇಬರು ಕೂಲಂಕಷವಾಗಿ ವಿಚಾರಿಸುವ ಶಾಸ್ತ್ರ ಮಾಡಿ ತೀರ್ಪು ಕೊಟ್ಟರು. ಹಕ್ಕು ಇಬ್ಬರಿಗೂ ಸಮ. ಹರಿದು ಹಂಚಿದರೆ ಕಲೆಗೆ ನಷ್ಟ. ಆದ್ದರಿಂದ ಸೀರೆ ಸರ್ಕಾರಕ್ಕೆ, ಅಂದರೆ ನಮ್ಮ ಮೋಟಾರಿಗೆ.

ಯಜಮಾನ ತಲೆಯಾಡಿಸಿದ. “ಗದ್ದುಗೆ ಮ್ಯಾಲೆ ಕುಂತೋರು ತಾವೇ ನುಂಗಂಗಿಲ್ಲ ಬುದ್ಧಿ. ತಪ್ಪುಕಾಣಿಕೆ ಕೊಡ್ಬೇಕಾಯ್ತದೆ.”

ಕಾಣಿಕೆ ಸೊಸೆಯರಿಗೇ ಸಲ್ಲಬೇಕೆಂದಾಯಿತು. ಸಾಹೇಬರ ಜರಿ ಪೇಟ ಹಿರಿಸೊಸೆಗೆ ಹೋಯಿತು, ಹೆಗಲ ಶಾಲು ಕಿರಿಸೊಸೆಗೆ. ಇಬ್ಬರೂ ತೃಪ್ತರಾಗಿ ಸೀರೆ ಬಿಟ್ಟರು. ಬೋಳುತಲೆಯ ಸಾಹೇಬರು ಅವಕಾಶ ಕಂಡು ಅದಕ್ಕೆ ಕೈಹಾಕಿದರು.

ಆಗ ಜಗಲಿಯ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ಸೀರೆಯನ್ನು ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡಳು. ಆ ಅತ್ತೆ ಇವಳೇ. ಬದುಕಿದ್ದಾಳೆಂದು ಸೊಸೆಯರೂ ಹೇಳಿರಲಿಲ್ಲ, ನ್ಯಾಯಾಧಿಪತಿಗಳೂ ಕೇಳಿರಲಿಲ್ಲ. ಸಾಹೇಬರು ಮೊದಲ ಸಲ ಬೇಡುವ ದನಿಯಲ್ಲಿ, ಹೇಗಾದರೂ ಕೊಡಮ್ಮ, ನನ್ನ ಮರ್ಯಾದೆ ಪ್ರಶ್ನೆ ಅಂದರು. ಮುದುಕಿ ಅವರ ಬೋಳುತಲೆಯನ್ನು ಒಂದು ಗಳಿಗೆ ನೋಡಿದಳು.

“ನಾ ಸತ್ಮೇಲೆ ಬನ್ನಿ ಬುದ್ಧಿ,” ಅಂದಳು. “ಆಗ್ಲೂ ಸಿಕ್ಕಾಕಿಲ್ಲ. ಉಟ್ಕಂಡೇ ಹೋಯ್ತೀನಿ.”