ಮಾರಾಟಕ್ಕೆ ಇಪ್ಪತ್ತೇಳು ನಕ್ಷತ್ರಗಳು

ಬರೀ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಷ್ಟು ಕಾಲ ನನ್ನ ಅಂಗಡಿಯಲ್ಲಿ ಯಾರೂ ನಗುತ್ತಿರಲಿಲ್ಲ. ನಗಬಾರದು ಅಂತ ನಾನೇ ಹೇಳುತ್ತಿದ್ದೆ. ಆಕಾಶ ಮಾರಲು ಶುರು ಮಾಡಿದ ಮೇಲೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಮುಂಬಯಿಯ ಗೋರೆಗಾಂವ್ ಸ್ಟೇಷನ್ ಹತ್ತಿರ ನನ್ನ ಸ್ಟುಡಿಯೋ. ಶಾಲೆ ಏಳನೇ ಕ್ಲಾಸಿಗೇ ಮುಗಿದರೂ, ರದ್ದಿ ಅಂಗಡಿಯ ಪುಸ್ತಕ ಓದಿ ನಕ್ಷತ್ರ ಗುರುತಿಸಲು ಕಲಿತೆ. ಕಸಾರಾದ ಆಚೆ, ದೀಪಗಳಿಲ್ಲದ ಗುಡ್ಡಗಳಲ್ಲಿ ಎರಡು ವರ್ಷ ಅಲೆದು ಅಶ್ವಿನಿಯಿಂದ ರೇವತಿವರೆಗೆ ಇಪ್ಪತ್ತೇಳೂ ನಕ್ಷತ್ರಗಳ ಚಿತ್ರ ತೆಗೆದೆ. ಮಾರುವುದು ಕಾಗದದ ಮೇಲಲ್ಲ, ಡಿಜಿಟಲ್ ಸಂಗ್ರಹವಾಗಿ. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು. ಒಡೆಯರು ಮಾತ್ರ ಒಬ್ಬರೇ, ಅವರ ಹೆಸರು ಇಂಟರ್‌ನೆಟ್ಟಿನಲ್ಲಿ ಅಳಿಸಲಾಗದಂತೆ ದಾಖಲಾಗುತ್ತದೆ. ಒಂದು ನಕ್ಷತ್ರಕ್ಕೆ ಒಂದೇ ಪ್ರತಿ, ಎಲ್ಲಕ್ಕೂ ಒಂದೇ ಬೆಲೆ.

"ದೀಪಾವಳಿಯೊಳಗೆ ಒಂದೇ ಒಂದು ಉಳಿದರೂ ಈ ಹುಚ್ಚು ಬಿಟ್ಟು ಆ ದೊಡ್ಡ ಲೆನ್ಸ್ ಮಾರಿಬಿಡಬೇಕು" ಎಂದರು ನನ್ನ ಗಂಡ.

"ಆಗಲಿ" ಎಂದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಖಾಲಿ ಕವರ್

ಮೊದಲ ಗಿರಾಕಿ ಪರೇಲ್‌ನ ಆಫೀಸೊಂದರ ಗುಮಾಸ್ತರು. ರೋಹಿಣಿ ಕೊಂಡರು. ಹಣ ಕೊಟ್ಟಾದ ಮೇಲೂ ಕೂತೇ ಇದ್ದರು.

"ಆಯಿತು ಸರ್, ನಿಮ್ಮ ಮೊಬೈಲಿಗೆ ಬಂದಿದೆ."

"ಅದು ಸರಿ ಮೇಡಂ. ಮಾಲು?"

"ಅದೇ ಮಾಲು."

ಮೊಬೈಲ್ ನೋಡಿದರು, ನನ್ನನ್ನು ನೋಡಿದರು. "ಒಂದು ಕವರ್ ಆದರೂ ಕೊಡಿ. ಇಷ್ಟು ದುಡ್ಡು ಕೊಟ್ಟು ಬರಿಗೈಲಿ ಹೋದರೆ ಹೆಂಡತಿ ನಂಬಲ್ಲ."

ಸ್ಟುಡಿಯೋ ಹೆಸರಿದ್ದ ಕವರ್ ಕೊಟ್ಟು ಕಳಿಸಿದೆ. ಮರುದಿನ ಬಾಗಿಲು ತೆಗೆಯುವಾಗಲೇ ನಿಂತಿದ್ದರು.

"ಕವರ್ ಬಿಚ್ಚಿ ನೋಡಿದಳು ಮೇಡಂ. 'ಫೋಟೋ ಅಂಗಡಿಯಲ್ಲೇ ಮರೆತು ಬಂದಿದ್ದೀರಿ, ಹೋಗಿ ತನ್ನಿ' ಅಂತ ಕಳಿಸಿದ್ದಾಳೆ."

ಸ್ವಲ್ಪ ಬಿಳಿ ಮಾಡಿ

ಪವಾಯಿಯ ದೊಡ್ಡ ಬಿಲ್ಡಿಂಗಿನಿಂದ ಒಬ್ಬ ಆಂಟಿ ಬಂದರು. ಕೃತ್ತಿಕೆಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಆದರೆ ಬ್ಯಾಕ್‌ಗ್ರೌಂಡ್ ತುಂಬಾ ಕಪ್ಪಾಯ್ತು. ಪಾಸ್‌ಪೋರ್ಟಿಗೆ ಮಾಡ್ತೀರಲ್ಲ, ಹಾಗೆ ಬಿಳಿ ಮಾಡಿಕೊಡಿ" ಎಂದರು.

"ಬಿಳಿ ಮಾಡಿದರೆ ನಕ್ಷತ್ರ ಕಾಣೋದಿಲ್ಲ ಆಂಟಿ."

"ಪರವಾಗಿಲ್ಲಮ್ಮ, ನಮ್ಮ ಬಾಲ್ಕನಿಯಿಂದಲೂ ಕಾಣಲ್ಲ. ಅಭ್ಯಾಸ ಆಗಿದೆ."

ಒಂದಕ್ಕೆ ಬಂದವರು

ಮದುವೆಯ ವಾರ್ಷಿಕೋತ್ಸವಕ್ಕೆ ಉಡುಗೊರೆ ಕೊಡಲು ಒಬ್ಬರು ಹೆಂಡತಿಯನ್ನು ಕರೆತಂದರು. ಅವಳ ಜನ್ಮನಕ್ಷತ್ರವೆಂದು ಪುಷ್ಯಕ್ಕೆ ಮೊದಲೇ ಹಣ ಕಟ್ಟಿದ್ದರು. ಆಕೆ ಚಿತ್ರ ನೋಡಿ ಮೆಲ್ಲಗೆ, "ನಂದು ಆಶ್ಲೇಷಾರೀ" ಎಂದರು.

"ನಿಮ್ಮಪ್ಪ ಕೊಟ್ಟ ಜಾತಕದಲ್ಲಿ ಪುಷ್ಯ ಇತ್ತಲ್ಲೇ!"

"ಅದು ಮದುವೆಗೆ ಅಂತ ಬರೆಸಿದ್ದು. ನಾನು ಹುಟ್ಟಿದ್ದು ಬೇರೆ."

ಆತ ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. "ಹಾಗಾದರೆ ನಂದೂ ಹೇಳಿಬಿಡ್ತೀನಿ. ಹಸ್ತಾ ಅಲ್ಲ, ಚಿತ್ತಾ."

ಇಬ್ಬರಿಗೂ ನೀರು ಕೊಟ್ಟೆ. ಒಂದು ನಕ್ಷತ್ರಕ್ಕೆ ಬಂದವರು ಮೂರು ಕೊಂಡು ಹೋದರು.

ಮೂಲಾ

ದೀಪಾವಳಿಗೆ ನಾಲ್ಕು ದಿನ ಇರುವಾಗ ಇಪ್ಪತ್ತಾರು ಮಾರಿದ್ದವು. ಉಳಿದದ್ದು ಮೂಲಾ. ವೃಶ್ಚಿಕದ ಚೇಳಿನ ಬಾಲದಲ್ಲಿ ಹೊಳೆಯುವ ಆ ಚಿತ್ರವೇ ಎಲ್ಲಕ್ಕಿಂತ ಚಂದ. ಆದರೆ ಮೂಲಾ ನಕ್ಷತ್ರದ ಹುಡುಗಿ ಸೊಸೆಯಾಗಿ ಬಂದರೆ ಮಾವನಿಗೆ ಆಪತ್ತು ಅಂತ ನಮ್ಮ ಜನರ ನಂಬಿಕೆ. ಒಬ್ಬರಂತೂ, "ಪುಕ್ಕಟೆ ಕೊಟ್ಟರೂ ಬೇಡ, ಮೊದಲು ಸ್ಕ್ರೀನ್ ಆ ಕಡೆ ತಿರುಗಿಸಿ" ಅಂದರು.

"ಬೆಲೆ ಇಳಿಸು" ಎಂದರು ಗಂಡ. ನಾನು ಇಳಿಸಲಿಲ್ಲ. ಅವರು ಲೆನ್ಸ್ ಮಾರಾಟದ ಜಾಹೀರಾತನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಅಂಗಡಿಯಲ್ಲೇ ಕೂತರು.

ಹಬ್ಬದ ಹಿಂದಿನ ದಿನ ಧಾರವಾಡದ ಕಡೆಯ ಅಜ್ಜರೊಬ್ಬರು ಕೋಲೂರಿಕೊಂಡು ಬಂದರು. "ಮೂಲಾ ಉಳದೈತೇನವಾ?"

"ಉಳಿದಿದೆ ಅಜ್ಜಾ. ಬೆಲೆ ಮಾತ್ರ ಇಳಿಸೋದಿಲ್ಲ."

"ಯಾರು ಇಳಸು ಅಂದ್ರು? ನನ್ನ ಸೊಸಿ ಮೂಲಾ ನಕ್ಷತ್ರದಾಕಿ. ಮದವಿ ಆದ್ರ ನಾ ಆರು ತಿಂಗಳೂ ಉಳಿಯಂಗಿಲ್ಲ ಅಂದಿದ್ರು. ಮೂವತ್ತು ವರ್ಷ ಆತು, ಆಕಿ ಕೈಯಾಗಿನ ರೊಟ್ಟಿ ತಿಂದು ಗಟ್ಟಿ ಅದೀನಿ. ಹಂಗ ಹೇಳಿದ ಜ್ಯೋತಿಷೀನ ಸತ್ತು ಹೋದ. ಆಕಿ ಹೆಸರಿಗೇ ಮಾಡವಾ."

ಮಾಡಿದೆ. ನನ್ನ ಗಂಡ ಜಾಹೀರಾತು ಅಳಿಸಿ, ಅಜ್ಜನಿಗೆ ಚಹಾ ತರಲು ಎದ್ದರು.

ಅಷ್ಟರಲ್ಲಿ ಅಜ್ಜನ ಫೋನ್ ರಿಂಗಾಯಿತು. ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತು. ಸೊಸೆ.

"ಮಾವಾರ, ಬ್ಯಾಂಕಿನ ಮೆಸೇಜ್ ಬಂತು. ಇಷ್ಟು ರೊಕ್ಕ ಯಾರಿಗೆ ಕೊಟ್ರಿ?"

"ನಿನ್ನ ನಕ್ಷತ್ರದ ಫೋಟೋ ತಗೊಂಡೆ ನಮ್ಮವ್ವಾ, ನಿನ್ನ ಹೆಸರಿಗೆ."

"ಎಷ್ಟು ದೊಡ್ಡದೈತ್ರಿ? ಗ್ವಾಡಿಗೆ ಎಲ್ಲಿ ಹಾಕೂದು?"

"ಗ್ವಾಡಿಗೆ ಹಾಕಾಕ ಬರಂಗಿಲ್ಲ. ಫೋನಿನಾಗ ಐತಿ. ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದಂತ."

ಆ ಕಡೆಯಿಂದ ಬಹಳ ಸಮಾಧಾನದ ದನಿ ಬಂತು:

"ಮನೀಗೆ ಬರ್ರಿ ಮಾವಾರ. ಆ ಜ್ಯೋತಿಷಿ ಖರೇನ ಹೇಳಿದ್ದ. ತಿಂಗಳದ ಲೆಕ್ಕ ಒಂದು ತಪ್ಪಿತ್ತು, ಅಷ್ಟ."