ಒಂದು ಗೋಲಿನ ಅಕ್ರಮ ಸಕ್ರಮ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡವು ಪಶುವೈದ್ಯಕೀಯ ಕಾಲೇಜಿನ ತಂಡದ ಎದುರು ಸೊನ್ನೆಗೆ ಐದು ಗೋಲುಗಳಿಂದ ಸೋತಿರುವುದು ದಾಖಲೆಗಳಿಂದ ದೃಢಪಟ್ಟಿದೆ. ಐದರಲ್ಲಿ ಒಂದನ್ನು ನಮ್ಮ ಹುಡುಗನೇ ನಮ್ಮ ಗೋಲ್ ಪೋಸ್ಟಿನೊಳಕ್ಕೆ ಹೊಡೆದಿದ್ದ. ಆದ್ದರಿಂದ ವಾರ್ಷಿಕ ವರದಿಯಲ್ಲಿ "ನಮ್ಮ ತಂಡವೂ ಒಂದು ಗೋಲು ಗಳಿಸಿತು" ಎಂದು ಬರೆಯಬಹುದೆಂದು ಪ್ರಾಂಶುಪಾಲರು ಸೂಚಿಸಿದರು. ನಾನು ಹಾಗೆಯೇ ಬರೆದೆ. ನಾನು ಈ ಕಾಲೇಜಿನ ಕಚೇರಿಯಲ್ಲಿ ಪ್ರಥಮ ದರ್ಜೆ ಗುಮಾಸ್ತ. ಹತ್ತೊಂಬತ್ತು ವರ್ಷಗಳಲ್ಲಿ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ.

ಸೋತ ಮರುದಿನ ಪಿ.ಟಿ. ಮೇಷ್ಟ್ರು ಪ್ರಾಂಶುಪಾಲರ ಕೊಠಡಿಗೆ ಬಂದರು. ಅವರ ಕತ್ತಿನಲ್ಲಿ ಸೀಟಿ ತೂಗುತ್ತಿತ್ತು, ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಸರ್, ನಮ್ಮ ಹುಡುಗರು ಹೆದರಿಕೊಂಡು ಹಿಂದೆ ನಿಂತು ನಿಂತೇ ಸೋತರು. ಇನ್ಮುಂದೆ ಮೂವರನ್ನ ಮುಂದೆ ಬಿಡ್ತೀನಿ. ಆ ಚಿಗರೆ ಅನ್ನೋ ಹುಡುಗನಿಗೆ ಬಲಗಡೆ ಒಂದಿಷ್ಟು ಜಾಗ ಸಿಕ್ಕರೆ ಸಾಕು, ಯಾರ ಕೈಗೂ ಸಿಗಲ್ಲ."

"ಇದನ್ನ ಯಾರು ತೀರ್ಮಾನ ಮಾಡಿದ್ದು?" ಎಂದು ಪ್ರಾಂಶುಪಾಲರು ಕೇಳಿದರು.

"ನಾನೇ ಸರ್."

"ನೀವೊಬ್ಬರೇನಾ?"

"ತರಬೇತುದಾರ ಅಂತ ಇರೋದು ನಾನೊಬ್ಬನೇ ಸರ್."

"ಅದೇ ನೋಡಿ ತೊಂದರೆ. ಸೋತರೆ ಹೋಗಲಿ, ಹೇಗೋ ಉತ್ತರ ಕೊಡಬಹುದು. ನಾಳೆ ಗೆದ್ದುಬಿಟ್ಟರೆ ಯಾರು ಹೊಣೆ?"

ಗೆಲುವಿಗೆ ಯಾರೂ ಹೊಣೆಯಿಲ್ಲವೆಂಬುದು ಹೀಗೆ ಖಚಿತವಾಯಿತು. ಆ ಕಾರಣದಿಂದ ಅಂದೇ ಸಂಜೆ "ಆಕ್ರಮಣ ತಂತ್ರ ಪರಿಶೀಲನಾ ಸಮಿತಿ"ಯನ್ನು ರಚಿಸಲಾಯಿತು. ಬೆರಳಚ್ಚಿನಲ್ಲಿ ಒಂದು ದೀರ್ಘ ಮತ್ತು ಒಂದು ಣಕಾರ ಬಿಟ್ಟುಹೋಗಿ ಆದೇಶದಲ್ಲಿ "ಅಕ್ರಮ ತಂತ್ರ ಪರಿಶೀಲನಾ ಸಮಿತಿ" ಎಂದಾಯಿತು. ಹದಿನೈದು ದಿನ ಯಾರೂ ಗಮನಿಸಲಿಲ್ಲ. ಗಮನಿಸಿದ ಮೇಲೂ, ಆಗಲೇ ರಬ್ಬರ್ ಮೊಹರು ಮಾಡಿಸಿಯಾಗಿದ್ದರಿಂದ, ಹೆಸರನ್ನು ಹಾಗೆಯೇ ಮುಂದುವರಿಸಲಾಯಿತು.

ತರ್ಕಶಾಸ್ತ್ರದ ಮೇಷ್ಟ್ರು ಅಧ್ಯಕ್ಷರು. ಗ್ರಂಥಪಾಲಕಿ ಸದಸ್ಯೆ. ನಾನು ಸದಸ್ಯ ಕಾರ್ಯದರ್ಶಿ. ಪಿ.ಟಿ. ಮೇಷ್ಟ್ರಿಗೆ ಆಟದಲ್ಲಿ ಆಸಕ್ತಿ ಇರುವುದು ಬಹಿರಂಗವಾಗಿದ್ದುದರಿಂದ, ನಿಷ್ಪಕ್ಷಪಾತದ ದೃಷ್ಟಿಯಿಂದ ಅವರನ್ನು ಸಮಿತಿಯಿಂದ ಹೊರಗಿಡಲಾಯಿತು. ಸಾಕ್ಷಿಯಾಗಿ ಮಾತ್ರ ಕರೆಸಿದೆವು.

"ಎದುರಾಳಿಗಳು ಐದು ಸಲ ನಮ್ಮ ಗೋಲ್ ಪೋಸ್ಟಿನ ಹತ್ತಿರ ಬಂದರು. ಸರಿ ತಾನೆ?" ಎಂದು ಅಧ್ಯಕ್ಷರು ಕೇಳಿದರು.

"ಐವತ್ತು ಸಲ ಬಂದ್ರು ಸರ್. ಐದು ಸಲ ಒಳಗೆ ಹೋಯ್ತು."

"ಅವರೆಲ್ಲ ಇಲ್ಲಿ ಇದ್ದಾಗ ಅವರ ಕಡೆ ಖಾಲಿ ಇತ್ತು. ಹಾಗಿದ್ದ ಮೇಲೆ ನಮ್ಮವರು ಅಲ್ಲಿಗೆ ಯಾಕೆ ಹೋಗಲಿಲ್ಲ?"

"ಚೆಂಡು ಇಲ್ಲಿತ್ತು ಸರ್!"

ಸೋಲಿಗೆ ಮುಖ್ಯ ಕಾರಣ ಚೆಂಡು ತಪ್ಪು ಕಡೆ ಇದ್ದದ್ದು ಎಂದು ಅಧ್ಯಕ್ಷರು ಬರೆಸಿದರು. ಪಿ.ಟಿ. ಮೇಷ್ಟ್ರು ಕಿಟಕಿಯ ಆಚೆ ನೋಡುತ್ತ ಕುಳಿತರು.

ಏಳು ಸಭೆಗಳ ನಂತರ ಹನ್ನೊಂದು ಪುಟಗಳ ದಾಳಿ ನೀತಿ ಸಿದ್ಧವಾಯಿತು. ಕರಡು ನನ್ನದೇ. ಚೆಂಡು ಮಧ್ಯದ ಗೆರೆ ದಾಟಿದ ಕೂಡಲೇ ದಾಳಿಯು "ಪ್ರಾರಂಭಿಕ ಹಂತ"ದಲ್ಲಿದೆ ಎಂದು ಭಾವಿಸತಕ್ಕದ್ದು. ಒಬ್ಬ ಆಟಗಾರ ಇನ್ನೊಬ್ಬನಿಗೆ ಚೆಂಡು ಕೊಡುವುದು ಪ್ರಭಾರ ಹಸ್ತಾಂತರವಾಗಿದ್ದು, ಪಡೆದವನು ತಲೆಯಾಡಿಸಿ ಸ್ವೀಕೃತಿ ನೀಡತಕ್ಕದ್ದು. ಏಳನೇ ಕಲಮು ಅತಿ ಮುಖ್ಯ: ಗೋಲಿಗೆ ಒದೆಯುವ ಮುನ್ನ ಆಟಗಾರನು ಬಲಗೈ ಎತ್ತಿ, ಮೈದಾನದ ಅಂಚಿನಲ್ಲಿ ಆಸೀನರಾದ ಅಧಿಕೃತ ಸದಸ್ಯರ ಅನುಮತಿ ಕೋರತಕ್ಕದ್ದು. ಸದಸ್ಯರು ಕೋರಿಕೆಯನ್ನು ಪರಿಶೀಲಿಸಿ ಹಸಿರು ಬಾವುಟ ತೋರಿಸಿದ ತರುವಾಯವೇ ಒದೆಯತಕ್ಕದ್ದು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಚಿಗರೆ ನನ್ನ ಅಕ್ಕನ ಮಗ. ಓಡುವ ವೇಗ ನೋಡಿ ಹುಡುಗರೇ ಇಟ್ಟ ಹೆಸರು ಅದು, ಈಗ ಮನೆಯಲ್ಲೂ ಅದೇ. ಭಾವ ತೀರಿಕೊಂಡ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದೇ ಅವನನ್ನು ಓದಿಸಿದವಳು. ಅದು ಅವನ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕಾದರೆ ಆ ಋತುವಿನಲ್ಲಿ ಒಂದಾದರೂ ಗೋಲು ಹೊಡೆದಿರುವುದಾಗಿ ಕಾಲೇಜು ದೃಢೀಕರಿಸಬೇಕಿತ್ತು. ಅವನಿಗೆ ಬೇರೆ ಆಸೆ ಇರಲಿಲ್ಲ.

ನೀತಿಯ ಪ್ರತಿ ಕೈಗೆ ಬಂದ ದಿನ ಅವನು ನನ್ನ ಮೇಜಿನ ಹತ್ತಿರ ಬಂದ.

"ಮಾಮ, ನಾನು ಕೈ ಎತ್ತಿಕೊಂಡು ನಿಂತಿದ್ರೆ ಅಷ್ಟರಲ್ಲಿ ಅವರ ಕಡೆಯವನು ಬಂದು ಚೆಂಡು ಕಿತ್ಕೊಂಡು ಹೋಗಲ್ವಾ?"

"ಅದನ್ನ ಯೋಚನೆ ಮಾಡಿದೀವಿ ಕಣೋ. ಏಳನೇ ಕಲಮು, ಉಪಕಲಮು ಇ. ಅಂಥ ಸಂದರ್ಭದಲ್ಲಿ ಸ್ವಲ್ಪ ಕಾಯುವಂತೆ ಅವನನ್ನ ವಿನಂತಿಸಬೇಕು."

ಅವನು ನನ್ನ ಮುಖವನ್ನೇ ನೋಡಿದ. ನಗಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ. ನಾನು ನಗುತ್ತಿರಲಿಲ್ಲ.

ಮುಂದಿನ ಮೂರು ಪಂದ್ಯಗಳಲ್ಲಿ ನೀತಿ ಚೆನ್ನಾಗಿ ಜಾರಿಯಾಯಿತು. ಮೂವತ್ತೊಂದು ಕೋರಿಕೆಗಳು ಬಂದವು. ಇಪ್ಪತ್ತೆಂಟು ಕೋರಿಕೆಗಳು, ಪರಿಶೀಲನೆಯ ವೇಳೆಗೆ ಚೆಂಡು ಆಟಗಾರನ ಬಳಿ ಇಲ್ಲದ ಕಾರಣ ಮುಕ್ತಾಯಗೊಂಡವು. ಎರಡಕ್ಕೆ ಸ್ಪಷ್ಟೀಕರಣ ಕೇಳಲಾಯಿತು. ಒಂದಕ್ಕೆ ಹಸಿರು ಬಾವುಟ ಸಿಕ್ಕಿತು, ಆದರೆ ಅದು ಸಿಕ್ಕಾಗ ಹುಡುಗರು ಬಸ್ಸು ಹತ್ತಿಯಾಗಿತ್ತು.

ನಾಲ್ಕನೆಯ ಪಂದ್ಯ ವಾಣಿಜ್ಯ ಕಾಲೇಜಿನ ಎದುರು. ಎಂಬತ್ತೆರಡನೇ ನಿಮಿಷದವರೆಗೂ ಸೊನ್ನೆ ಸೊನ್ನೆ. ಅಂಚಿನ ಕುರ್ಚಿಯಲ್ಲಿ ಅಂದು ಗ್ರಂಥಪಾಲಕಿ ಕುಳಿತಿದ್ದರು. ಬಲಗಡೆಯಿಂದ ಚೆಂಡು ಬಂತು. ಚಿಗರೆ ತಲೆಯಾಡಿಸಿ ಸ್ವೀಕೃತಿ ಕೊಟ್ಟು, ಇಬ್ಬರನ್ನು ಹಿಂದೆ ಹಾಕಿ ಒಳಗೆ ನುಗ್ಗಿದ. ಅವರ ಗೋಲ್‌ಕೀಪರ್ ಜಾರಿ ಅಂಗಾತ ಬಿದ್ದ. ಎದುರಿಗೆ ಬರೀ ಬಲೆ. ಚಿಗರೆ ಚೆಂಡಿನ ಮೇಲೆ ಕಾಲಿಟ್ಟು ನಿಂತು ಬಲಗೈ ಎತ್ತಿದ.

ಗ್ರಂಥಪಾಲಕಿ ಬಾವುಟಗಳನ್ನು ಮಣ್ಣಾಗದಂತೆ ಪತ್ರಿಕೆಯಲ್ಲಿ ಸುತ್ತಿ ಚೀಲದ ತಳದಲ್ಲಿ ಇಟ್ಟಿದ್ದರು. "ತಡಿ ಮಗಾ, ಒಂದೇ ನಿಮಿಷ. ಅಯ್ಯೋ, ಇದು ಕೆಂಪು!" ಎಂದರು.

ಗೋಲ್‌ಕೀಪರ್ ಮೊಣಕಾಲೂರಿ ಏಳತೊಡಗಿದ. ಚಿಗರೆ ಕೈ ಇಳಿಸಲಿಲ್ಲ. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು: "ಹೊಡಿಯೋ!"

ಅವನು ಹೊಡೆದ.

ಬಲೆ ಉಬ್ಬಿದ್ದು ನನಗೆ ಕಂಡಿತು. ಜನ ಎದ್ದು ನಿಂತರು. ನಾನೂ ಎದ್ದು ನಿಂತೆ, ಏನೋ ಕೂಗಿದೆ ಕೂಡ. ಇದು ಅಚಾತುರ್ಯದಿಂದ ಆದದ್ದು. ತಕ್ಷಣ ಕುಳಿತುಕೊಂಡೆ.

ಮರುದಿನ ಪ್ರಾಂಶುಪಾಲರು ತುರ್ತು ಸಭೆ ಕರೆದರು. "ಗೆದ್ದದ್ದು ಬಹಳ ಸಂತೋಷ," ಎಂದರು ಅವರು. "ಆದರೆ ಹೀಗೆ ಹೇಗಾಯ್ತು?"

ತರ್ಕಶಾಸ್ತ್ರದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಅನುಮತಿ ಇಲ್ಲದೆ ಆದ ಗೋಲನ್ನ ನಾವು ಒಪ್ಪಿಕೊಂಡ್ವಿ ಅಂತಿಟ್ಕೊಳ್ಳಿ. ಆಗ ಅನುಮತಿ ಇಲ್ಲದೇನೂ ಗೋಲಾಗುತ್ತೆ ಅಂತ ಆಯ್ತು. ಹಾಗಾದ್ರೆ ಸಮಿತಿ ಯಾಕೆ? ಸಮಿತಿ ಬೇಡ ಅಂದ್ರೆ, ಅದನ್ನ ರಚಿಸಿದವರು..." ಎಂದು ಅಲ್ಲಿಗೇ ನಿಲ್ಲಿಸಿದರು.

ಸಮಿತಿ ರಚಿಸಿದವರು ಮೇಜಿನ ಆಚೆ ಕುಳಿತಿದ್ದರು.

ಗೋಲನ್ನು ಸದ್ಯಕ್ಕೆ ಅಕ್ರಮವೆಂದು ಪರಿಗಣಿಸಿ, ಸಕ್ರಮಗೊಳಿಸಲು ಸಾಧ್ಯವೇ ಎಂದು ವಿಚಾರಣೆ ನಡೆಸುವುದೆಂದು ತೀರ್ಮಾನವಾಯಿತು. ಸಮಿತಿಯ ಮೊಹರು ಮೊದಲ ಬಾರಿಗೆ ಸರಿಯಾಗಿ ಹೊಂದಿಕೊಂಡಿತು. ಚಿಗರೆಗೆ ಕಾರಣ ಕೇಳುವ ನೋಟೀಸನ್ನು ನಾನೇ ಬರೆದೆ. ಸಂಜೆ ಹೇಗೂ ಅಕ್ಕನ ಮನೆಗೆ ಊಟಕ್ಕೆ ಹೋಗುವುದಿತ್ತು, ಖುದ್ದಾಗಿ ಜಾರಿ ಮಾಡೋಣವೆಂದು ಜೇಬಿನಲ್ಲಿಟ್ಟುಕೊಂಡೆ.

ಅಕ್ಕ ಯಂತ್ರದ ಮುಂದೆ ಕುಳಿತು ಅಂಗಿಯೊಂದಕ್ಕೆ ಕಾಲರು ಕೂಡಿಸುತ್ತಿದ್ದಳು. ಕಾಗದವನ್ನು ಎರಡು ಸಲ ಓದಿದಳು.

"ಗೋಲ್ ಹೊಡೆದಿದ್ದಕ್ಕೆ ನೋಟೀಸಾ?"

"ಹೊಡೆದಿದ್ದಕ್ಕಲ್ಲಕ್ಕ. ಹೊಡೆದ ರೀತಿಗೆ."

"ಇದು ನಿನ್ನ ಅಕ್ಷರ ಅಲ್ವೇನೋ?"

"ಅಕ್ಷರ ನಂದು. ಅಭಿಪ್ರಾಯ ಕಚೇರಿದು."

ಯಾವಾಗಲೂ ಬೇಡ ಬೇಡವೆಂದರೂ ಎರಡನೇ ಸಲ ಬಡಿಸುವವಳು ಅಂದು ಪಾತ್ರೆಗೆ ಮುಚ್ಚಳ ಹಾಕಿ ಒಳಗೆ ಹೋದಳು. ಚಿಗರೆ ಸ್ವೀಕೃತಿಗೆ ಸಹಿ ಮಾಡಿ, "ದಿನಾಂಕ ಹಾಕ್ಬೇಕಾ ಮಾಮ?" ಎಂದು ಕೇಳಿದ. ಹಾಕಬೇಕು ಎಂದೆ.

ಅವನ ಉತ್ತರ ಎರಡೇ ವಾಕ್ಯ: "ಗೋಲ್ ಪೋಸ್ಟ್ ಖಾಲಿ ಇತ್ತು. ಹೊಡೆದೆ."

ಇದು ಸಮಾಧಾನಕರವಾಗಿಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಖಾಲಿ ಇತ್ತು ಎಂಬುದಕ್ಕೆ ಆಧಾರವೇನು? ಮಂಗಳವಾರ ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆ ಮಾಡಿದೆವು. ಅಧ್ಯಕ್ಷರು ಗೋಲ್ ಪೋಸ್ಟಿನ ಒಳಗೆ ಹೊಕ್ಕು, ಬಲೆಯನ್ನು ಮುಟ್ಟಿ, ಹೊರಗೆ ಬಂದರು. "ಈಗಲೂ ಖಾಲಿ ಇದೆ. ಆದರೆ ಈಗ ಖಾಲಿ ಇರೋದು ಆಗ ಖಾಲಿ ಇತ್ತು ಅನ್ನೋದಕ್ಕೆ ಪುರಾವೆ ಆಗಲ್ಲ. ಬರೆದುಕೊಳ್ಳಿ," ಎಂದರು. ಬರೆದುಕೊಂಡೆ. ಅವರು ಬಲೆಯಲ್ಲಿ ಸಿಕ್ಕಿಸಿಕೊಂಡಿದ್ದ ಶರಟಿನ ಗುಂಡಿಯನ್ನು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಅದನ್ನು ಬರೆದುಕೊಳ್ಳಲಿಲ್ಲ.

ಪಂದ್ಯಾವಳಿಯ ಮಂಡಳಿಗೆ ಪತ್ರ ಹೋಯಿತು: ನಮ್ಮ ಕಾಲೇಜು ಹೊಡೆದ ಗೋಲನ್ನು ನಮ್ಮ ಕಾಲೇಜಿನ ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಬೇಕಾಗಿ ವಿನಂತಿ. ಮಂಡಳಿ ನಮ್ಮನ್ನು ಹುಚ್ಚರೆಂದು ತಿಳಿಯಬಹುದೆಂಬ ಸಣ್ಣ ಅಳುಕು ನನಗಿತ್ತು. ಹಾಗೇನೂ ಆಗಲಿಲ್ಲ. ಎರಡೇ ದಿನದಲ್ಲಿ ಉತ್ತರ ಬಂತು. ಇಂಥ ಪ್ರಾಮಾಣಿಕತೆಯನ್ನು ತಾವು ಹಿಂದೆಂದೂ ಕಂಡಿಲ್ಲವೆಂದೂ, ದಾಳಿ ನೀತಿಯ ಇಪ್ಪತ್ತು ಪ್ರತಿ ಕಳಿಸಬೇಕೆಂದೂ ಬರೆದಿದ್ದರು. ಫಲಿತಾಂಶವನ್ನು "ಸೊನ್ನೆ – ಸೊನ್ನೆ, ಒಂದು ಗೋಲು ಪರಿಶೀಲನೆಯಲ್ಲಿ" ಎಂದು ತಿದ್ದಲಾಯಿತು. ವಾಣಿಜ್ಯ ಕಾಲೇಜಿನವರೂ ಹಿಂದೆ ಬೀಳಲಿಲ್ಲ. ತಮ್ಮ ಗೋಲ್‌ಕೀಪರ್ ಯಾರನ್ನು ಕೇಳಿ ಬಿದ್ದ ಎಂದು ತನಿಖೆ ಆರಂಭಿಸಿದರು.

ಪಿ.ಟಿ. ಮೇಷ್ಟ್ರ ಮೇಲೆ ಪ್ರಚೋದನೆಯ ಆರೋಪವಿತ್ತು. ಅವರನ್ನು ಗ್ರಂಥಾಲಯದ ಪುಸ್ತಕ ಎಣಿಸುವ ಕೆಲಸಕ್ಕೆ ಹಾಕಲಾಯಿತು, ತಂಡದ ತರಬೇತಿಯನ್ನು ಗ್ರಂಥಪಾಲಕಿಗೆ ವಹಿಸಲಾಯಿತು. ಸೀಟಿಯನ್ನು ನನ್ನ ಮೇಜಿನ ಮೇಲೆ ಇಡುವಾಗ ಮೇಷ್ಟ್ರು, "ಹುಡುಗನ ಪ್ರಮಾಣಪತ್ರ ಮಾತ್ರ ಸರಿಯಾಗಿ ಬರೆದುಕೊಡಪ್ಪಾ. ನಿನ್ನ ಅಳಿಯ ಅವನು," ಎಂದರು.

ನಾನು ಸರಿಯಾಗಿಯೇ ಬರೆದೆ. ಗಳಿಸಿದ ಗೋಲುಗಳು: ಒಂದು (ಸಕ್ರಮಕ್ಕೆ ಬಾಕಿ). ಆವರಣದಲ್ಲಿದ್ದುದನ್ನು ಬಿಟ್ಟು ಬರೆಯಬಹುದಿತ್ತು. ಆ ಹಾಳೆಯನ್ನು ಒಂದಿಡೀ ಮಧ್ಯಾಹ್ನ ಮುಂದಿಟ್ಟುಕೊಂಡು ಕುಳಿತಿದ್ದೆ ಎಂಬುದನ್ನು ಯಾವ ಕಡತದಲ್ಲೂ ದಾಖಲಿಸಿಲ್ಲ.

ವಾರ ಕಳೆದು ಆಯ್ಕೆ ಮಂಡಳಿಯ ಉತ್ತರ ಬಂತು. ಗೋಲು ಇತ್ಯರ್ಥವಾದ ಬಳಿಕ ಆಟಗಾರನನ್ನು ಪರಿಗಣಿಸಲಾಗುವುದು. ಆಯ್ಕೆಯ ಕೊನೆಯ ದಿನಾಂಕ ಹಿಂದಿನ ದಿನವೇ ಮುಗಿದಿತ್ತು. ಚಿಗರೆ ನನ್ನ ಮೇಜಿನ ಪಕ್ಕದಲ್ಲೇ ನಿಂತು ಓದಿದ.

"ಮಾಮ, ನಾನು ಹೊಡೆದಿದ್ದು ಗೋಲೇ ಅಲ್ವಾ?"

"ಹೌದು ಕಣೋ," ಎಂದೆ. ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. "ಮೇಲ್ನೋಟಕ್ಕೆ."

ಅವನು ಕಾಗದವನ್ನು ಮಡಿಚಿ ಮತ್ತೆ ನನಗೇ ಕೊಟ್ಟು ಹೋದ.

ಋತುವಿನ ಕೊನೆಯ ಪಂದ್ಯದ ಹೊತ್ತಿಗೆ ಪಂದ್ಯಾವಳಿಯ ಮಂಡಳಿಯು ನಮ್ಮ ನೀತಿಯನ್ನು ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿತ್ತು. ಅದಕ್ಕಾಗಿ ಪ್ರಾಂಶುಪಾಲರಿಗೆ ಶಾಲು ಹೊದಿಸಿ ಸನ್ಮಾನಿಸಿದರು. ಅಕ್ಕ ಮಗನ ಆಟವನ್ನು ಮೈದಾನಕ್ಕೆ ಬಂದು ನೋಡಿದವಳೇ ಅಲ್ಲ. ಕೊನೆಯ ಪಂದ್ಯವೆಂದು ಅಂದು ಬಂದಳು. ನನ್ನ ಪಕ್ಕದಲ್ಲೇ ಕುಳಿತಳು.

ಕೊನೆಗೆ ಐದು ನಿಮಿಷವಿದ್ದಾಗ ಚಿಗರೆ ಎಲ್ಲರನ್ನೂ ದಾಟಿ ಒಬ್ಬನೇ ಗೋಲ್ ಪೋಸ್ಟಿನ ಮುಂದೆ ಬಂದ. ಚೆಂಡನ್ನು ನಿಲ್ಲಿಸಿ ಕೈ ಎತ್ತಿದ. ಎದುರಾಳಿ ಎಂಜಿನಿಯರಿಂಗ್ ಕಾಲೇಜಿನ ರಕ್ಷಣಾ ಆಟಗಾರರು ಸಾಲಾಗಿ ನಿಂತು ಕಾಯ್ದರು. ಅಂಚಿನ ಕುರ್ಚಿ ಖಾಲಿ ಇತ್ತು. ಅಧಿಕೃತ ಸದಸ್ಯರು ಬಾವುಟದ ಬಣ್ಣ ಕುರಿತ ಸಭೆಗೆ ಹೋಗಿದ್ದರು.

ಎರಡು ನಿಮಿಷ ಕಳೆಯಿತು. ಅವರ ಗೋಲ್‌ಕೀಪರ್‌ಗೇ ಪಾಪವೆನಿಸಿರಬೇಕು. ಒಂದು ಪಕ್ಕಕ್ಕೆ ಸರಿದು, "ಹೊಡ್ಕೊಳಪ್ಪಾ, ಯಾರೂ ನೋಡ್ತಿಲ್ಲ," ಎಂದ. ಚಿಗರೆ ತಲೆಯಾಡಿಸಿ ಬೇಡವೆಂದ. ಕೈ ಸೋತಾಗ ಇನ್ನೊಂದು ಕೈಯಿಂದ ಅದನ್ನು ಆನಿಸಿ ಹಿಡಿದುಕೊಂಡ. ಆಮೇಲೆ ಇಬ್ಬರೂ ಕಂಬಕ್ಕೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಕುಳಿತು ಏನೋ ಮಾತಾಡಿದರು. ಎತ್ತಿದ ಕೈಯನ್ನು ಮಾತ್ರ ಅವನು ಇಳಿಸಲಿಲ್ಲ.

"ಯಾಕೋ, ಅವನು ಯಾಕೆ ಹೊಡೀತಿಲ್ಲ?" ಎಂದು ಅಕ್ಕ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಯಾರೋ ಹಿರಿಯರು ಮುಂದಕ್ಕೆ ಬಾಗಿ ಹೇಳಿದರು: "ಅನುಮತಿ ಕೇಳಿದಾನಮ್ಮಾ, ಕಾಣಿಸ್ತಿಲ್ವಾ? ಎಂಥ ಶಿಸ್ತಿನ ಹುಡುಗ ನೋಡಿ. ಯಾರ ಮಗನೋ ಏನೋ."

ಪಂದ್ಯ ಮುಗಿದ ಸೀಟಿ ಕೇಳಿಸಿತು. ಸೊನ್ನೆ ಸೊನ್ನೆ. ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಎದ್ದು, ಅವಳೂ ಚಪ್ಪಾಳೆ ತಟ್ಟಿದಳು.