ಲಿಫ್ಟಿನ ಪಕ್ಕದ ಗೆರೆಗಳು

ಮೇಷ್ಟ್ರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯಲು ಮರೆತು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಆ ಪೆನ್ಸಿಲ್ಲು ಅಷ್ಟು ಸುಲಭವಾಗಿ ಕೈಗೆ ಸಿಗದೇ ಇದ್ದಿದ್ದರೆ ಅವರು ಅಪಾರ್ಟ್‌ಮೆಂಟಿನ ಗೋಡೆಯ ಮೇಲೆ ಬರೆಯುತ್ತಿರಲಿಲ್ಲ, ಇಷ್ಟೆಲ್ಲ ರಾಮಾಯಣವೂ ಆಗುತ್ತಿರಲಿಲ್ಲ.

ಮೇಷ್ಟ್ರು ಆರ್ಥಿಕ ಇತಿಹಾಸಕಾರರು. ಯಾವ ರಾಜ ಯಾರನ್ನು ಸೋಲಿಸಿದ ಎಂಬುದು ಅವರಿಗೆ ಬೇಕಾಗಿರಲಿಲ್ಲ. ಆ ರಾಜನ ಕುದುರೆ ತೊಳೆಯುತ್ತಿದ್ದವನು ಮನೆಗೆ ಹೋಗಿ ಏನು ಉಂಡ ಎಂಬುದು ಬೇಕಾಗಿತ್ತು. ಯೌವನವನ್ನೆಲ್ಲ ಉಪ್ಪಿನ ಬೆಲೆಯ ಹಿಂದೆ ಓಡಾಡಿ ಕಳೆದರು. ಅದರ ಮೇಲೊಂದು ದಪ್ಪ ಪುಸ್ತಕ ಬರೆದರು. ಪುಸ್ತಕ ಪೂರ್ತಿ ಖಾಲಿಯಾಯಿತು ಎಂದು ಪ್ರಕಾಶಕರು ಫೋನು ಮಾಡಿದಾಗ ಹಿಗ್ಗಿ ಹೋದರು. ಹೋಗಿ ವಿಚಾರಿಸಿದರೆ, ಗೋದಾಮಿಗೆ ಗೆದ್ದಲು ಹತ್ತಿತ್ತು. "ಅಂತೂ ಯಾರೋ ಪೂರ್ತಿ ಓದಿದ್ರಲ್ಲ ಬಿಡಿ" ಎಂದು ಹೆಂಡತಿ ಸಮಾಧಾನ ಹೇಳಿದರು.

ಆಮೇಲೆ ಮೇಷ್ಟ್ರಿಗೆ ಬೆಲೆಗಳ ಮೇಲೆ ನಂಬಿಕೆ ಹೊರಟುಹೋಯಿತು. ಬೆಲೆ ಸುಳ್ಳು ಹೇಳಬಹುದು, ಮೂಳೆ ಹೇಳುವುದಿಲ್ಲ ಎನ್ನತೊಡಗಿದರು. ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆ ತುಂಬ ಉಂಡವರು ಎತ್ತರವಾಗುತ್ತಾರೆ, ಅರೆಹೊಟ್ಟೆಯವರು ಗಿಡ್ಡವಾಗುತ್ತಾರೆ. ಒಂದು ಮನೆಯ ಅಜ್ಜ, ಮಗ, ಮೊಮ್ಮಗರನ್ನು ಸಾಲಾಗಿ ನಿಲ್ಲಿಸಿ ಅಳೆದರೆ ಆ ಮನೆಯ ಅಡುಗೆಮನೆಯ ಚರಿತ್ರೆಯೇ ಕಣ್ಣೆದುರು ಬರುತ್ತದೆ. ಈ ಉತ್ಸಾಹದಲ್ಲಿ ಅವರು ಟೇಪು ಹಿಡಿದು ನೆರೆಯವರ ಬಾಗಿಲು ತಟ್ಟಿದ್ದರು. "ನನ್ನ ಅಳತೆ ಯಾಕ್ರೀ ಬೇಕು? ಹೆಣದ ಪೆಟ್ಟಿಗೆ ಮಾಡ್ಸೋಕಾ?" ಎಂದು ಐದನೇ ಮಹಡಿಯ ತಾತ ಕೂಗಾಡಿದ ಮೇಲೆ, ಹೆಂಡತಿ ಟೇಪು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮೇಷ್ಟ್ರು ಬಿಡುವ ಆಸಾಮಿಯಲ್ಲ. ಕೆಳಗೆ ಲಿಫ್ಟಿಗೆ ಕಾಯುವವರೆಲ್ಲ ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮೇಷ್ಟ್ರು ಟಪಾಲು ಪೆಟ್ಟಿಗೆಯಲ್ಲಿ ತಲೆ ತೂರಿಸಿ, ಓರೆಗಣ್ಣಿನಿಂದ ಅವರ ನೆತ್ತಿ ಎಲ್ಲಿಗೆ ಮುಟ್ಟಿತು ಎಂದು ನೋಡಿಟ್ಟುಕೊಂಡು, ಅವರು ಲಿಫ್ಟು ಹತ್ತಿದ ಕೂಡಲೇ ಅಲ್ಲೊಂದು ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ಮಹಡಿಯ ಸಂಖ್ಯೆ; ಗಂಡಸಾದರೆ ಒಂದು ಅಡ್ಡಗುರುತು, ಹೆಂಗಸಾದರೆ ಒಂದು ಸೊನ್ನೆ. ಎತ್ತರದವರ ಗೆರೆ ಕೈಗೆಟುಕದಿದ್ದಾಗ ತಮ್ಮ ಪುಸ್ತಕದ ಚೀಲದ ಮೇಲೆ ಹತ್ತಿ ನಿಲ್ಲುತ್ತಿದ್ದರು. ಎಲ್ಲ ಮುಗಿದ ಮೇಲೆ ಒಟ್ಟಿಗೆ ನಕಲು ಮಾಡಿಕೊಂಡು ಗೋಡೆ ಒರೆಸಿಬಿಡುವುದು ಅವರ ಯೋಜನೆಯಾಗಿತ್ತು.

ಯೋಜನೆ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ, ವಾಚ್‌ಮನ್ ಬೊಬ್ಬೆ ಹಾಕಿದ.

ಮೇಷ್ಟ್ರು ಕೆಳಗಿಳಿದು ಬರುವಷ್ಟರಲ್ಲಿ ಅರ್ಧ ಅಪಾರ್ಟ್‌ಮೆಂಟು ಗೋಡೆಯ ಮುಂದೆ ನೆರೆದಿತ್ತು. ಎಲ್ಲರ ಮುಂದೆ, ಎಲ್ಲರಿಂದಲೂ ಚಿಕ್ಕಮ್ಮ ಎಂದೇ ಕರೆಸಿಕೊಳ್ಳುವ ಮೂರನೇ ಮಹಡಿಯ ಹೆಂಗಸು ನಿಂತಿದ್ದರು. ಅವರಿಗೆ ಗೊತ್ತಿಲ್ಲದ ವಿಷಯ ಆ ಕಟ್ಟಡದಲ್ಲಿ ಇರಲಿಲ್ಲ. ಇದ್ದರೆ ಅದು ಸಂಜೆಯೊಳಗೆ ಗೊತ್ತಾಗುತ್ತಿತ್ತು.

"ಇದು ಕಳ್ಳರ ಗುರುತು" ಎಂದರು ಚಿಕ್ಕಮ್ಮ. "ಅಡ್ಡಗುರುತು ಅಂದ್ರೆ ಗಂಡಸರಿದಾರೆ, ಹುಷಾರು ಅಂತ. ಸೊನ್ನೆ ಅಂದ್ರೆ ಒಡವೆ ಇದೆ ಅಂತ. ಮೇಲೆ ಹೋದಷ್ಟೂ ಆಸ್ತಿ ಜಾಸ್ತಿ."

"ಹಂಗಾದ್ರೆ ಎಲ್ಲರಿಗಿಂತ ಕೆಳಗಿರೋದು ನಿಮ್ಮ ಮನೇನೇ ಅಮ್ಮಾ" ಎಂದ ವಾಚ್‌ಮನ್.

ಚಿಕ್ಕಮ್ಮ ಬಗ್ಗಿ ನೋಡಿದರು. ಗಿಡ್ಡ ದೇಹದ ಅವರ ಗೆರೆ ನಿಜವಾಗಿಯೂ ಎಲ್ಲಕ್ಕಿಂತ ಕೆಳಗಿತ್ತು. ಅವರ ಮುಖ ಕೆಂಪಾಯಿತು. "ನಮ್ಮನೇಲಿ ಕದಿಯೋಕೆ ಏನೂ ಇಲ್ಲ ಅಂತಾನಾ ಆ ಮುಂಡೇಗಂಡ? ಬರ್ಲಿ ಒಂದ್ಸಲ, ಬೀರು ತೆಗೆದು ತೋರಿಸ್ತೀನಿ! ಸಂಜೆ ಅಧ್ಯಕ್ಷರು ಬರ್ಲಿ, ಈ ಗೀಚಿದೋನು ಯಾರು ಅಂತ ಇತ್ಯರ್ಥ ಆಗ್ಲೇಬೇಕು."

ಅಧ್ಯಕ್ಷರು ಎಂದ ಕೂಡಲೇ ಮೇಷ್ಟ್ರು ಗುಂಪಿನ ಹಿಂದಕ್ಕೆ ಸರಿದರು. ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ನಿವೃತ್ತ ಡಾಕ್ಟರು, ಮೊದಲನೇ ಮಹಡಿಯವರು, ಮಹಾ ಶಿಸ್ತಿನವರು. ಒದ್ದೆ ಕೊಡೆಯನ್ನು ಮೆಟ್ಟಿಲ ಹತ್ತಿರ ಬಿಚ್ಚಿಟ್ಟವರಿಗೂ ದಂಡ ಹಾಕಿದವರು. ಸಾಲದ್ದಕ್ಕೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಅವರ ಮಾತೇ ಕೊನೆಯ ಮಾತು. ಮೇಷ್ಟ್ರ ಈಗಿನ ಕೆಲಸ ತಿಂಗಳ ಕೊನೆಗೆ ಮುಗಿಯುವುದಿತ್ತು. ಹೊಸದಾಗಿ ತೆರೆಯುವ ಸಂಶೋಧನಾ ಕೇಂದ್ರದ ಮುಖ್ಯಸ್ಥರ ಹುದ್ದೆ ಸಿಕ್ಕಿದರೆ ಉಳಿದರು, ಇಲ್ಲದಿದ್ದರೆ ಮನೆಯಲ್ಲಿ ಕೂತು ಹೆಂಡತಿ ಹೇಳಿದಂತೆ ಹಳೇ ಪತ್ರಿಕೆ ಕಟ್ಟಿಡಬೇಕು. ಅದಕ್ಕೆ ಅರ್ಜಿ ಹಾಕಿದವರು ಇಬ್ಬರೇ. ಒಬ್ಬರು ಮೇಷ್ಟ್ರು. ಇನ್ನೊಬ್ಬ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ, ಸಂಖ್ಯಾಶಾಸ್ತ್ರ ಕಲಿಸುವ ಏಣಿ. ಅವನ ಎತ್ತರ ಕಂಡು ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಆಯ್ಕೆಯಾದವರ ಹೆಸರನ್ನು ಡಾಕ್ಟರು ತಿಳಿಸಬೇಕಾದದ್ದು ಅದೇ ದಿನ ಸಂಜೆ.

ಜನ ಚದುರಿದ ಮೇಲೆ ಮೇಷ್ಟ್ರು ಕರವಸ್ತ್ರ ಒದ್ದೆ ಮಾಡಿಕೊಂಡು ಬಂದು ಗೋಡೆ ಉಜ್ಜಿದರು. ಗೆರೆ ಹೋಗಲಿಲ್ಲ, ಸುಣ್ಣದ ಜೊತೆ ಸೇರಿ ಬೂದಿ ಬಣ್ಣದ ಮೋಡವೊಂದು ಹರಡಿಕೊಂಡಿತು. ಇನ್ನಷ್ಟು ಉಜ್ಜಿದರು. ಮೋಡ ಇನ್ನಷ್ಟು ದಟ್ಟವಾಯಿತು.

"ಏನ್ ಮೇಷ್ಟ್ರೇ, ಸಾಕ್ಷಿ ಅಳಿಸ್ತಿದೀರಾ?"

ಲಿಫ್ಟಿನ ಬಾಗಿಲಲ್ಲಿ ಚಿಕ್ಕಮ್ಮ. ಮೇಷ್ಟ್ರು ಕರವಸ್ತ್ರವನ್ನು ಜೇಬಿಗೆ ತುರುಕಿದರು.

"ಛೆ ಛೆ! ಪರೀಕ್ಷೆ ಮಾಡ್ತಿದೀನಿ ಚಿಕ್ಕಮ್ಮ. ಪೆನ್ಸಿಲ್ಲಾ, ಇದ್ದಿಲಾ ಅಂತ."

ಚಿಕ್ಕಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣು ಬಲಗಿವಿಯ ಹತ್ತಿರ ಒಂದು ಗಳಿಗೆ ನಿಂತಿತೆಂದು ಮೇಷ್ಟ್ರಿಗೆ ಅನ್ನಿಸಿತು. ಆದರೆ ಅವರ ಮುಖ ಅರಳಿತು.

"ಅರೆ, ಹೌದಲ್ವಾ! ನೂರು ವರ್ಷದ ಹಿಂದೆ ಸತ್ತೋರು ಏನು ತಿಂದ್ರು ಅಂತ ಕಂಡುಹಿಡಿಯೋರು ನೀವು. ಮೊನ್ನೆ ಯಾರು ಗೀಚಿದ್ರು ಅಂತ ಹೇಳೋದು ಯಾವ ಮಹಾ? ನೀವೇ ಪತ್ತೆ ಮಾಡಿ. ಸಂಜೆ ಎಲ್ಲರ ಮುಂದೆ ಹೇಳಿ."

"ನಾನಾ?"

"ಯಾಕೆ, ಕಷ್ಟ ಏನಾದ್ರೂ ಇದ್ಯಾ?" ಎಂದು ಚಿಕ್ಕಮ್ಮ ಕಣ್ಣು ಕಿರಿದು ಮಾಡಿದರು.

ಮೇಷ್ಟ್ರು ಒಪ್ಪಿಕೊಂಡರು. ಹೊರಗೆ ಹೋದವರೇ ಪೆನ್ಸಿಲ್ಲನ್ನು ಎರಡು ತುಂಡು ಮಾಡಿ ಚರಂಡಿಗೆ ಎಸೆದರು. ಕಿವಿ ಬರಿದಾಗಿ, ಬಟ್ಟೆ ತೊಡದೆ ಬೀದಿಗೆ ಬಂದಂತೆ ಅನ್ನಿಸಿತು. ಕಾಲೇಜಿಗೆ ಹೋದರೂ ಪಾಠ ಬಾಯಿಗೆ ಬರಲಿಲ್ಲ. ವಾಚ್‌ಮನ್ ಬೆಳಿಗ್ಗೆ ಎಂದಿಗಿಂತ ಜೋರಾಗಿ ಸಲಾಮು ಹೊಡೆದದ್ದೇಕೆ? ಐದನೇ ಮಹಡಿಯ ತಾತ ನಕ್ಕದ್ದೇಕೆ? ಹೆಂಡತಿ ಊಟದ ಡಬ್ಬಿ ಕೊಡುವಾಗ "ಹುಷಾರು" ಎಂದದ್ದು ಡಬ್ಬಿಯ ಬಗ್ಗೆಯೋ, ಬೇರೆ ಯಾವುದರ ಬಗ್ಗೆಯೋ? ಅವರಿಗೆ ಕಂಡವರ ಮೇಲೆಲ್ಲ ಗುಮಾನಿ ಬಂತು.

ಕೊನೆಗೆ ಒಂದು ಉಪಾಯ ಹೊಳೆಯಿತು. ತಾನು ಹೇಗಿದ್ದೇನೋ ಅದಕ್ಕೆಲ್ಲ ಉಲ್ಟಾ ಇರುವ ಒಬ್ಬ ಕಳ್ಳನನ್ನು ವಿವರಿಸಿದರೆ ಸಾಕು. ಅಂಥವನು ಎಲ್ಲೂ ಇರುವುದಿಲ್ಲ, ಯಾರಿಗೂ ತೊಂದರೆಯಿಲ್ಲ. ಮೇಷ್ಟ್ರಿಗೆ ತಮ್ಮ ಬುದ್ಧಿಯ ಬಗ್ಗೆ ತಮಗೇ ಅಭಿಮಾನ ಉಕ್ಕಿತು.

ಸಂಜೆ ಎಲ್ಲರೂ ಲಿಫ್ಟಿನ ಮುಂದೆ ಸೇರಿದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನೋಡಿ, ಈ ಮೇಲಿನ ಗೆರೆ. ಕುರ್ಚಿ, ಸ್ಟೂಲು ತಂದ ಗುರುತಿಲ್ಲ. ಅಂದ್ರೆ ಎಳೆದವನು ಒಳ್ಳೇ ಎತ್ತರದ ಮನುಷ್ಯ. ಗೆರೆ ಎಲ್ಲಾ ಹೇಗೆ ವಾಲಿವೆ ನೋಡಿ. ಎಡಗೈಯವನು, ಅನುಮಾನವೇ ಇಲ್ಲ. ಇನ್ನೊಂದು, ದಿನಾ ಲಿಫ್ಟಲ್ಲಿ ಓಡಾಡೋನು ಇಲ್ಲಿ ಬರೀತಾ ನಿಲ್ಲಲ್ಲ, ಬಾಗಿಲು ತೆಗೆದ ತಕ್ಷಣ ಹತ್ತಿಬಿಡ್ತಾನೆ. ಇವನು ಮೆಟ್ಟಿಲು ಹತ್ತೋನು."

"ಭೇಷ್!" ಎಂದರು ಐದನೇ ಮಹಡಿಯ ತಾತ. ಗಿಡ್ಡಗಿದ್ದು, ಬಲಗೈಯಲ್ಲಿ ಬರೆಯುತ್ತ, ಮಂಡಿನೋವಿನಿಂದ ಲಿಫ್ಟು ಬಿಟ್ಟು ಬೇರೇನೂ ಹತ್ತದ ಮೇಷ್ಟ್ರು ನೆಮ್ಮದಿಯ ಉಸಿರು ಬಿಟ್ಟರು.

ಅದೇ ಹೊತ್ತಿಗೆ ಏಣಿ ಒಳಗೆ ಬಂದ. ಬಾಗಿಲಿಗೆ ತಲೆ ತಗುಲದಂತೆ ಸ್ವಲ್ಪ ಬಗ್ಗಿದ, ಜನರನ್ನು ನೋಡಿ ಎಡಗೈ ಎತ್ತಿ ನಮಸ್ಕಾರ ಎಂದ, ಸೀದಾ ಮೆಟ್ಟಿಲಿನ ಕಡೆ ನಡೆದ.

"ಹಿಡೀರಿ ಅವನನ್ನ!" ಎಂದು ಚಿಕ್ಕಮ್ಮ ಕಿರುಚಿದರು. "ನೀರಿನ ಬಿಲ್ಲಿಗೆ ಎಡಗೈಯಲ್ಲಿ ಸಹಿ ಹಾಕೋದನ್ನ ನಾನೇ ನೋಡಿದೀನಿ!"

ಮೇಷ್ಟ್ರಿಗೆ ಪಾಪ ಅನ್ನಿಸಿತು. ಆಮೇಲೆ, ಅರ್ಜಿ ಹಾಕಿದವರು ಇಬ್ಬರೇ ಎಂಬುದು ನೆನಪಾಗಿ, ಅಷ್ಟೇನೂ ಪಾಪ ಅನ್ನಿಸಲಿಲ್ಲ.

"ಈ ಗೆರೆ ನೀನು ಎಳೆದಿದ್ದಾ, ಅಲ್ವಾ? ಒಂದೇ ಮಾತಲ್ಲಿ ಹೇಳಪ್ಪಾ" ಎಂದರು ತಾತ.

ಏಣಿ ಗೋಡೆಯನ್ನೂ ಜನರನ್ನೂ ನೋಡಿದ. ಅವನು ಹುಟ್ಟಿದಾಗಿನಿಂದ ಯಾವುದಕ್ಕೂ ಒಂದೇ ಮಾತಲ್ಲಿ ಉತ್ತರ ಕೊಟ್ಟವನಲ್ಲ. "ಹೌದು ಅಂತ ಖಚಿತವಾಗಿ ಹೇಳೋಕಾಗಲ್ಲ. ಅಲ್ಲ ಅಂತಲೂ ಖಚಿತವಾಗಿ ಹೇಳೋಕಾಗಲ್ಲ. ಇನ್ನೂ ಮಾಹಿತಿ ಬೇಕು."

"ಒಪ್ಕೊಂಡ!" ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ಡಾಕ್ಟರು ಬಂದರು. ಗುಂಪು ದಾರಿ ಬಿಟ್ಟಿತು. ಅವರು ಕನ್ನಡಕ ಏರಿಸಿ ಗೆರೆಗಳನ್ನು ಒಂದೊಂದಾಗಿ ನೋಡಿದರು. ಒಂದು ಎಂದು ಬರೆದಿದ್ದ ಗೆರೆಯ ಕೆಳಗೆ ತಾವೇ ಬೆನ್ನು ಕೊಟ್ಟು ನಿಂತು, ನೆತ್ತಿಯ ಮೇಲೆ ಅಂಗೈ ಇಟ್ಟು, ತಿರುಗಿ ನೋಡಿದರು. ಗೆರೆ ಸರಿಯಾಗಿ ಅಂಗೈಯ ಹತ್ತಿರ ಇತ್ತು. ಮೇಷ್ಟ್ರು ದಂಡದ ಮೊತ್ತ ಕೇಳಲು ಕಿವಿ ನಿಮಿರಿಸಿದರು.

"ಇದು ಎತ್ತರ!" ಎಂದರು ಡಾಕ್ಟರು. "ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದೋನು ನಾನು, ದಿನಾ ಇದೇ ಕೆಲಸ. ಐದನೇ ಮಹಡಿ ನೋಡಿ, ಅಜ್ಜ ಇಷ್ಟು, ಮಗ ಇಷ್ಟು, ಮೊಮ್ಮಗ ಇಷ್ಟು. ಯಾರ ಮನೇಲಿ ಯಾವಾಗ ಹೊಟ್ಟೆ ತುಂಬ್ತು ಅಂತ ಗೋಡೆ ಮೇಲೇ ಇದೆಯಲ್ರೀ! ಎಲ್ಲರೂ ಹಳೇ ಕಾಗದದ ಧೂಳು ಕುಡೀತಾ ಕೂತಿರುವಾಗ, ಬದುಕಿರೋ ಜನರ ಮೈಯಲ್ಲೇ ಚರಿತ್ರೆ ಓದೋ ಇಂಥವನೊಬ್ಬ ನಮ್ಮ ಕೇಂದ್ರಕ್ಕೆ ಬೇಕಾಗಿತ್ತು. ಯಾರದ್ದು ಈ ಕೆಲಸ?"

ಎಲ್ಲರ ಬೆರಳೂ ಏಣಿಯ ಕಡೆ ತಿರುಗಿದವು.

"ನೀವೇನಪ್ಪಾ?"

ಏಣಿ ಡಾಕ್ಟರ ಮುಖದ ಮೇಲಿನ ನಗು ನೋಡಿದ. "ಈಗ ಸಂಭವ ಹೆಚ್ಚಾಗಿದೆ ಸಾರ್" ಎಂದ.

"ಕೇಂದ್ರ ನಿಮ್ಮದು!" ಎಂದು ಡಾಕ್ಟರು ಅವನ ಎಡಗೈಯನ್ನೇ ಹಿಡಿದು ಕುಲುಕಿದರು.

"ಸಾರ್!" ಮೇಷ್ಟ್ರ ಧ್ವನಿ ಅವರಿಗೇ ಗುರುತು ಸಿಗದಷ್ಟು ಕೀರಲಾಗಿತ್ತು. "ಅದು ನನ್ನದು! ಎಳೆದದ್ದು ನಾನು!"

ಜನ ಗೊಳ್ಳೆಂದು ನಕ್ಕರು. "ಈಗ ತಾನೆ ಎಡಗೈ ಅಂದ್ರಿ, ಎತ್ತರ ಅಂದ್ರಿ" ಎಂದರು ಚಿಕ್ಕಮ್ಮ. ಮೇಷ್ಟ್ರು ಮೇಲಿನ ಗೆರೆ ಮುಟ್ಟಲು ಎಗರಿದರು. ಗೇಣು ದೂರ ಉಳಿಯಿತು. ಚೀಲದ ಮೇಲೆ ಹತ್ತಿದ್ದೆ ಎಂದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಟೇಪು ಹಿಡಿದು ಬಾಗಿಲಿಗೆ ಬಂದಿದ್ದೆನಲ್ಲ ಎಂದರೆ, "ಅದು ಪೆಟ್ಟಿಗೆಗೆ ಅಲ್ವಾ?" ಎಂದರು ತಾತ. ಪೆನ್ಸಿಲ್ಲು ತೋರಿಸಲು ಕಿವಿಗೆ ಕೈ ಹಾಕಿದರು. ಅಲ್ಲಿ ಬರೀ ಕಿವಿಯಿತ್ತು.

"ಮೇಷ್ಟ್ರೇ, ಬೇರೆಯವರಿಗೆ ಒಳ್ಳೇದಾದ್ರೆ ಹೊಟ್ಟೆ ಉರ್ಕೋಬಾರ್ದು" ಎಂದು ಡಾಕ್ಟರು ಮೆಲ್ಲಗೆ ಹೇಳಿ, ಬೂದಿ ಬಣ್ಣದ ಮೋಡದ ಕಡೆ ತಿರುಗಿದರು. "ಇಷ್ಟು ಒಳ್ಳೇ ಸಂಶೋಧನೇನ ಒದ್ದೆ ಬಟ್ಟೆ ಹಾಕಿ ಹಾಳು ಮಾಡಿದೋರು ಯಾರು?"

"ಅದು ಮಾತ್ರ ಮೇಷ್ಟ್ರೇ" ಎಂದರು ಚಿಕ್ಕಮ್ಮ. "ನಾನು ಕಣ್ಣಾರೆ ನೋಡಿದೀನಿ."

ಗೋಡೆ ಕೆಡಿಸಿದ್ದಕ್ಕೆ ಮೇಷ್ಟ್ರಿಗೆ ದಂಡ ಬಿತ್ತು.

ಮನೆಗೆ ಬಂದು ಅವರು ಊಟಕ್ಕೆ ಕೂತರು. ಒಂದು ಜೀವಮಾನದ ಕೆಲಸ ಲಿಫ್ಟಿನ ಮುಂದೆ ಬೇರೆಯವರ ಪಾಲಾಗಿತ್ತು. ತಮ್ಮ ಕೈಯಾರೆ ತಾವೇ ಕೊಟ್ಟದ್ದು ಎಂಬ ಸಂಕಟಕ್ಕೆ ತುತ್ತು ಇಳಿಯಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಹೊರಗೆ ಏಣಿ ಬಗ್ಗಿಕೊಂಡು ನಿಂತಿದ್ದ.

"ಸಾರ್, ತಪ್ಪು ತಿಳ್ಕೋಬೇಡಿ. ನಾಳೆ ಮಂಡಳಿ ಮುಂದೆ ಭಾಷಣ ಮಾಡಬೇಕಂತೆ. ನಾನು ಮಾಡಿರೋದು ಏನು ಅಂತ ಸ್ವಲ್ಪ ಹೇಳ್ತೀರಾ?"

"ನಡಿ ಆಚೆ!" ಎಂದು ಮೇಷ್ಟ್ರು ಬಾಗಿಲು ಹಾಕಲು ಹೋದರು.

"ಸರಿ ಸಾರ್, ನಾನೇ ಏನೋ ಹೇಳ್ತೀನಿ. ಎತ್ತರ ಇರೋರು ಮೇಲಿನದನ್ನೆಲ್ಲಾ ಕಿತ್ಕೊಂಡು ತಿಂತಾರೆ, ಅದಕ್ಕೇ ಅವರ ಹೊಟ್ಟೆ ತುಂಬಿರುತ್ತೆ, ಅಷ್ಟೇ ತಾನೆ?"

ಮೇಷ್ಟ್ರ ಕೈ ಚಿಲಕದ ಮೇಲೇ ನಿಂತಿತು. ಹುದ್ದೆ ಹೋದದ್ದನ್ನು ಅವರು ಹೇಗೋ ತಡೆದುಕೊಂಡಿದ್ದರು. ಇದನ್ನು ತಡೆದುಕೊಳ್ಳಲು ಆಗಲಿಲ್ಲ.

"ಅಯ್ಯೋ ದಡ್ಡಾ, ಪೂರ್ತಿ ತಲೆಕೆಳಗು! ಬಾ ಒಳಗೆ, ಕೂತ್ಕೋ. ಲೇ, ಇವನಿಗೊಂದು ಪೆನ್ಸಿಲ್ಲು ಕೊಡೇ" ಎಂದು ಹೆಂಡತಿಯನ್ನು ಕೂಗಿ, ಮೇಷ್ಟ್ರು ಮೊದಲಿನಿಂದ ಹೇಳಲು ಶುರುಮಾಡಿದರು.